ಸ್ಯಾಂಟೊರಿನಿಗೆ ಒಂದೇ ವೀಸಾ

ಕೊರಿಯರಿನವನು ಎರಡು ಲಕೋಟೆ ಕೊಟ್ಟು ಹೋದ. ಬೆಟ್ಟಿ ಮೊದಲು ತನ್ನದನ್ನು ಹರಿದಳು. ಪಾಸ್‌ಪೋರ್ಟಿನಲ್ಲಿ ಗ್ರೀಸಿನ ವೀಸಾ ಅಂಟಿತ್ತು. ಗಂಡ ಜುವಾಕಿಮನ ಪಾಸ್‌ಪೋರ್ಟಿನಲ್ಲಿ ವೀಸಾ ಇರಲಿಲ್ಲ, ಅರ್ಜಿ ತಿರಸ್ಕರಿಸಿದ ಕಾಗದವಿತ್ತು. ಹೊರಡಲು ಉಳಿದದ್ದು ಐದೇ ದಿನ.

"ಎಂತ ಕರ್ಮ ಮಾರಾಯ್ರೆ ಇದು!" ಎಂದು ಸೋಫಾದ ಮೇಲೆ ಕುಸಿದಳು.

ಅಬುಧಾಬಿಯ ಆಸ್ಪತ್ರೆಯಲ್ಲಿ ಇಪ್ಪತ್ತೆರಡು ವರ್ಷದಿಂದ ನರ್ಸಾಗಿ ದುಡಿಯುತ್ತಿರುವವಳು ಅವಳು. ಸಿಕ್ಕ ರಜೆಯೆಲ್ಲ ಮಂಗಳೂರಿಗೇ ಸಂದಿತ್ತು. ನಾದಿನಿಯ ಮದುವೆ, ಮೈದುನನ ಮನೆ ಒಕ್ಕಲು, ತೀರಿಹೋದ ಮಾವನಿಗಾಗಿ ಇಗರ್ಜಿಯಲ್ಲಿ ವರ್ಷದ ಬಲಿಪೂಜೆ, ಒಂದೇ ಎರಡೇ! ಮದುವೆಯಾಗಿ ಇಪ್ಪತ್ತೈದು ತುಂಬುವ ಈ ವರ್ಷ ಮಾತ್ರ ಹಟ ಹಿಡಿದು ಹತ್ತು ದಿನ ತನಗೆಂದೇ, ಗ್ರೀಸಿನ ಸ್ಯಾಂಟೊರಿನಿ ದ್ವೀಪಕ್ಕೆ ಹೋಗಲೆಂದು ತೆಗೆದುಕೊಂಡಿದ್ದಳು. ಸ್ಯಾಂಟೊರಿನಿ ಎಂದರೆ ಸಿಡಿದು ಕುಸಿದ ಅಗ್ನಿಪರ್ವತದೊಳಗೆ ಸಮುದ್ರ ನುಗ್ಗಿ ಉಳಿದ ಅಂಚು. ಆ ಅಂಚಿನ ಮೇಲೆ ಬಿಳಿ ಮನೆಗಳು, ನೀಲಿ ಗುಮ್ಮಟದ ಇಗರ್ಜಿಗಳು. ದೋಣಿಯಲ್ಲಿ ಹೋಗಿ ಕರಿಕಲ್ಲಿನ ಮೇಲೆ ನಡೆಯಬಹುದಂತೆ, ಪಕ್ಕದ ಬಿಸಿನೀರಿನಲ್ಲಿ ಈಜಬಹುದಂತೆ. ಜೊತೆಗೆ ವಾರ್ಡಿನಲ್ಲಿ ದುಡಿಯುವ ಡೆಬೊರಾ ಬೆಟ್ಟಿಯ ಬಾಯಿಂದ ಇದನ್ನು ಕೇಳಿ ಕೇಳಿ ತಾನೇ ಹೋಗಿ ಬಂದವಳ ಹಾಗೆ ಮಾತಾಡುತ್ತಿದ್ದಳು.

ಕಾಗದದಲ್ಲಿ ಕಾರಣವೂ ಇತ್ತು: ಕೊಟ್ಟ ಮಾಹಿತಿ ನಂಬಲರ್ಹವಲ್ಲ.

"ಫಾರ್ಮಿನಲ್ಲಿ ಎಂತ ಬರ್ದಿದ್ರಿ ನೀವು?"

"ಎಲ್ಲ ಸರಿಯೇ ಬರ್ದದ್ದು," ಎಂದ ಜುವಾಕಿಂ, ಟಿವಿಯಿಂದ ಕಣ್ಣು ತೆಗೆಯದೆ.

"ಫೈಲ್ ತನ್ನಿ."

ಕಾಗದಪತ್ರ ನನಗೆ ಬಿಡು, ನಿನಗೆ ಅದೆಲ್ಲ ಗೊತ್ತಾಗುವುದಿಲ್ಲ ಎಂದಿದ್ದವನು ಅವನೇ. ಇವಳೋ ಡ್ಯೂಟಿ ಮುಗಿಸಿ ಬಂದು, ತೋರಿಸಿದಲ್ಲಿ ಸಹಿ ಹಾಕಿದ್ದಳು. ಈಗ ಅವನ ಅರ್ಜಿ ಓದಿದಳು. ಉದ್ಯೋಗ: ಗೋದಾಮಿನ ಮ್ಯಾನೇಜರ್, ಜೆಬೆಲ್ ಅಲಿ, ದುಬೈ. ಜೊತೆಗೆ ಕಂಪನಿಯ ಹಳೆಯ ಪತ್ರ ಬೇರೆ.

ಬೆಟ್ಟಿಯ ಪಿತ್ತ ನೆತ್ತಿಗೇರಿತು. ಆ ಕೆಲಸ ಹೋಗಿ ಎಂಟು ತಿಂಗಳಾಗಿತ್ತು. ಅಂದಿನಿಂದ ಅವನು ಈ ದೇಶದಲ್ಲಿರುವುದೇ ಅವಳ ಸ್ಪಾನ್ಸರ್‌ಶಿಪ್ಪಿನಲ್ಲಿ, ಅವಳ ಕೆಲಸದ ಬಲದ ಮೇಲೆ. ಅವನ ರೆಸಿಡೆನ್ಸ್ ವೀಸಾದಲ್ಲಿ ಅವಳ ಹೆಸರೇ ಇದೆ. ಒಂದು ಕಾಗದ ಹೀಗೆ, ಇನ್ನೊಂದು ಹಾಗೆ! ಕಣ್ಣಿದ್ದವರು ನಂಬುತ್ತಾರೆಯೇ?

"ಯಾಕೆ ಹೀಗೆ ಮಾಡಿದ್ರಿ?"

ಜುವಾಕಿಂ ಟಿವಿ ಆರಿಸಿದ. "ಸ್ಪಾನ್ಸರ್ ಹೆಂಡ್ತಿ ಅಂತ ಬರಿಲಿಕ್ಕೆ ಕೈ ಬರ್ಲಿಲ್ಲ, ಬೆಟ್ಟಿ."

ಸುಳ್ಳು ಬರೆದದ್ದನ್ನಾದರೂ ನುಂಗಿಕೊಳ್ಳುತ್ತಿದ್ದಳೇನೋ. ಆದರೆ ಬ್ಯಾಂಕು, ಆಸ್ಪತ್ರೆ, ಪಾಸ್‌ಪೋರ್ಟು ಎಂದು ಎಷ್ಟು ಅರ್ಜಿಗಳಲ್ಲಿ ಅವಳು ಅವನ ಹೆಸರು ಬರೆದಿದ್ದಳು! ಒಮ್ಮೆಯೂ ಅವಳ ಕೈ ತಡೆದಿರಲಿಲ್ಲ.

"ನನ್ನ ಹೆಸ್ರು ಬರಿಲಿಕ್ಕೆ ನಿಮಗೆ ಅಷ್ಟು ನಾಚಿಕೆಯಾ?"

ಅವನು ರಿಮೋಟನ್ನು ಬದಿಗಿಟ್ಟ. "ಈಗ ಕ್ಯಾನ್ಸಲ್ ಮಾಡುವ. ಬರುವ ವರ್ಷ ಇಬ್ರೂ ಒಟ್ಟಿಗೆ ಹೋಗುವ," ಎಂದ.

"ಬರುವ ವರ್ಷ ನಿಮ್ಮ ತಮ್ಮನ ಮಗಳ ಮದುವೆ ಉಂಟು."

ಬೆಟ್ಟಿ ಎದ್ದು ಕೋಣೆಗೆ ಹೋಗಿ, ಅರ್ಧ ತುಂಬಿಸಿಟ್ಟಿದ್ದ ಸೂಟ್‌ಕೇಸನ್ನು ಮಂಚದ ಮೇಲೆತ್ತಿ ಹಾಕಿದಳು. ಅವನ ಅಂಗಿಗಳನ್ನು ಒಂದೊಂದಾಗಿ ಹೊರಗೆ ತೆಗೆದಳು. ಜುವಾಕಿಂ ಬಂದು ಬಾಗಿಲಲ್ಲಿ ನಿಂತ.

"ಒಬ್ಳೇ ಹೋಗ್ತೀಯಾ?"

"ಹೌದು."

ತಪ್ಪಾಯ್ತು ಎಂಬ ಒಂದು ಮಾತು ಬರಲಿ, ಬಂದರೆ ಏನಾದರೂ ಯೋಚಿಸೋಣ ಎಂದು ಅವಳು ಇನ್ನೂ ಕಾಯುತ್ತಿದ್ದಳು. ಕಾಯುವ ಚಟ ಅಷ್ಟು ಸುಲಭಕ್ಕೆ ಬಿಡುತ್ತದೆಯೇ?

ಅವನು ಗಂಟಲು ಸರಿಮಾಡಿಕೊಂಡ. "ಇಗರ್ಜಿಯಲ್ಲಿ ಯಾರಾದ್ರೂ ಕೇಳಿದ್ರೆ? ನೀವ್ಯಾಕೆ ಹೋಗ್ಲಿಲ್ಲ ಅಂತ? ನಾನು ಎಂತ ಹೇಳ್ಲಿ?"

"ಹೆಂಡ್ತಿಯ ವೀಸಾದಲ್ಲಿದ್ದೇನೆ, ಹಾಗಂತ ಬರಿಲಿಕ್ಕೆ ನಾಚಿಕೆ ಆಯ್ತು ಅಂತ ಹೇಳಿ," ಎಂದಳು ಬೆಟ್ಟಿ. ಕೊನೆಯ ಅಂಗಿಯನ್ನೂ ಅವನ ಕೈಗೆ ಕೊಟ್ಟು, ಆ ಜಾಗದಲ್ಲಿ ತನ್ನ ಹೊಸ ಈಜುಡುಗೆಯನ್ನು ಮಡಿಸಿಟ್ಟಳು.