ಫೋನು ಕರೆಯುತ್ತಿದ್ದ ಹೆಸರು

ನನ್ನ ತಂಗಿಗೆ ನಾನು ಹೇಳದ ಮಾತಿಲ್ಲ. ಹೇಳಿ ಹೇಳಿ ನನ್ನ ನಾಲಿಗೆ ಸವೆಯಿತೇ ಹೊರತು ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಒಂದೇ ಕೋಣೆಯಲ್ಲಿ ಎದುರುಬದುರು ಕೂತು ಅಂಗಿಗಳಿಗೆ ಕಾಜಾ ಹೊಲಿದು ಗುಂಡಿ ಹಚ್ಚುವವರು ನಾವು. ಅವಳ ಮಗಳ ಶಾಲೆಯ ಫೋನಿನ ಮಾತೆತ್ತಿದರೆ ಸಾಕು, ಅವಳು ದಾರವನ್ನು ಹಲ್ಲಲ್ಲಿ ಕಡಿದು ಇನ್ನೊಂದು ಅಂಗಿ ಎತ್ತಿಕೊಳ್ಳುತ್ತಿದ್ದಳು.

ಫೋನು ಅವಳ ಮಗನದು. ಎರಡು ವರ್ಷದ ಹಿಂದೆ ಹುಡುಗ ಜ್ವರದಲ್ಲಿ ತೀರಿಕೊಂಡ. ಚಿನ್ನದಂಥ ಹುಡುಗ, ನನ್ನ ಸೂಜಿಗೆ ದಾರ ಪೋಣಿಸಿಕೊಟ್ಟೇ ಶಾಲೆಗೆ ಹೊರಡುತ್ತಿದ್ದ. ಆ ಶಾಲೆಯಲ್ಲಿ ಮಕ್ಕಳು ಮನೆಯಿಂದ ತಮ್ಮ ತಮ್ಮ ಫೋನು ತರಬೇಕು. ಪಾಠ, ಹಾಜರಿ, ಪರೀಕ್ಷೆ ಎಲ್ಲ ಅದರೊಳಗೇ. ಮರುವರ್ಷ ಹುಡುಗಿ ಅಣ್ಣ ಓದುತ್ತಿದ್ದ ತರಗತಿಗೇ ಬಂದಳು, ಅವನ ಫೋನು ಅವಳ ಕೈಗೆ ಬಂತು. ಇನ್ನೊಂದು ಕೊಳ್ಳುವುದು ನಮಗೆ ಕನಸಿನ ಮಾತು.

ಮೊದಲ ದಿನ ಅವಳು ಶಾಲೆಯ ಆ್ಯಪ್ ತೆರೆದದ್ದೇ ತಡ, ಒಳಗಿನ ದನಿ ಅಣ್ಣನ ಹೆಸರು ಹಿಡಿದು ಕರೆದು, ಪಾಠ ಶುರು ಮಾಡೋಣ ಬಾ ಎಂದಿತು. ತೀರಿಕೊಂಡವನ ಖಾತೆ ಮುಚ್ಚಬೇಕೆಂದು ಶಾಲೆಯವರಿಗೂ ಹೊಳೆದಿರಲಿಲ್ಲ. ಒಲೆಯ ಮುಂದಿದ್ದ ತಂಗಿ ಸೌಟು ಹಿಡಿದುಕೊಂಡೇ ಓಡಿ ಬಂದಳು. ಆಮೇಲೆ ದಿನಾ ಬೆಳಿಗ್ಗೆ ಅದೇ ಆಯಿತು. ಆ ಕರೆ ಕೇಳದೆ ಅವಳು ಒಲೆ ಹಚ್ಚುತ್ತಿರಲಿಲ್ಲ.

ಹಳೆಯ ಹೆಸರು ತೆಗೆದು ನಿನ್ನ ಹೆಸರಲ್ಲಿ ತೆರೆ, ಒಂದು ಫೋನಿನಲ್ಲಿ ಒಬ್ಬರೇ ಇರಬೇಕು ಎಂದು ಟೀಚರು ಹುಡುಗಿಗೆ ಹೇಳಿ ಕಳಿಸಿದರು.

"ತೆಗೆದುಬಿಡ್ಲಾಮ್ಮ?"

"ಇನ್ನೊಂದ್ ನಾಲ್ಕು ದಿನ ಇರ್ಲಿ ಬಿಡೇ."

ನಾಲ್ಕು ದಿನ ಹೋಗಿ ಇಡೀ ವರ್ಷ ಉರುಳಿತು. ನಿನಗೇನು ಬುದ್ಧಿಗೆ ಮಂಕು ಕವಿದಿದೆಯಾ, ಇರುವ ಮಗಳನ್ನು ನೋಡೇ ಎಂದು ನಾನು ರೇಗಿದೆ. ಟೀಚರೂ ಇನ್ನೊಮ್ಮೆ ಹೇಳಿ ತಮ್ಮ ಪಾಡಿಗೆ ತಾವಾದರು. ಕ್ಲಾಸಿನ ತುಂಬ ಮಕ್ಕಳು, ಯಾರ ಫೋನಿಗೆಂದು ಅವರಾದರೂ ಇಣುಕಿಯಾರು? ಹುಡುಗಿ ಮಾತ್ರ ಅಣ್ಣನ ಖಾತೆಯಲ್ಲೇ ಕತ್ತೆತ್ತದೆ ಓದಿದಳು, ಪರೀಕ್ಷೆಯನ್ನೂ ಅದರಲ್ಲೇ ಬರೆದಳು. ಈ ವರ್ಷ ಪಾಸಾದರೆ ನರ್ಸಿಂಗ್ ಸೇರಬಹುದು, ಕಾಜಾ ಹೊಲಿಯುವುದು ತಪ್ಪುತ್ತದೆ ಎಂಬುದೊಂದೇ ಅವಳ ಆಸೆ.

ಫಲಿತಾಂಶ ಬಂತು. ಅಣ್ಣ ಮೊದಲ ದರ್ಜೆಯಲ್ಲಿ ಪಾಸು. ಹುಡುಗಿ ವರ್ಷವಿಡೀ ಗೈರುಹಾಜರು, ಫೇಲು.

ಮೂವರೂ ಶಾಲೆಗೆ ಓಡಿದೆವು. ಕಂಪ್ಯೂಟರ್ ಸರ್ ಒಳ್ಳೆಯವರೇ, ನಮ್ಮನ್ನು ಕೂರಿಸಿ ಎಲ್ಲ ಕೇಳಿಸಿಕೊಂಡರು. ಹಳೆಯ ಖಾತೆ ಅಳಿಸಿ ಮಗಳ ಹೆಸರಲ್ಲಿ ತೆರೆದರೆ ಅಂಕಗಳೆಲ್ಲ ತಾವಾಗಿ ಈ ಕಡೆ ಬರುತ್ತವೆ, ತಾಯಿ ಒಪ್ಪಿ ಒತ್ತಿದರೆ ಆಯಿತು ಎಂದರು. ತಂಗಿ ಒಂದೇ ಒಂದು ಸಲ ಕೇಳಿಸಿ ಎಂದಳು. ಫೋನು ಹುಡುಗನನ್ನು ಕರೆಯಿತು. ಅವಳು ಸೆರಗಿನಿಂದ ಬೆರಳು ಒರೆಸಿಕೊಂಡು ಒತ್ತಿದಳು. ಅಂತೂ ಒತ್ತಿದಳಲ್ಲ ಎಂದು ನನ್ನ ಎದೆ ಹಗುರಾಯಿತು.

ಹೊಸ ಖಾತೆ ತೆರೆಯಿತು. ಮೇಲೆ ಹುಡುಗಿಯ ಹೆಸರು, ಕೆಳಗೆ ಬರೀ ಖಾಲಿ. ಸರ್ ಅದನ್ನೂ ಇದನ್ನೂ ಒತ್ತಿ ನೋಡಿದರು, ಹೊರಗೆ ಹೋಗಿ ಯಾರಿಗೋ ಫೋನು ಮಾಡಿದರು. ವಾಪಸು ಬಂದು ನಮ್ಮೆದುರು ಕೂತರು.

"ಖಾತೆ ಜೊತೆ ಅಂಕಾನೂ ಹೋಯ್ತಮ್ಮ. ಹೀಗಾಗುತ್ತೆ ಅಂತ ನಂಗೂ ಗೊತ್ತಿರ್ಲಿಲ್ಲ."

ಮತ್ತೆ ಪರೀಕ್ಷೆ ಬರೆಸಿ ಎಂದು ನಾನು ಮೇಜು ಕುಟ್ಟಿದೆ. ಹಾಜರಿಯೇ ಇಲ್ಲದವರಿಗೆ ಪರೀಕ್ಷೆಯಿಲ್ಲವಂತೆ, ಅದೇ ತರಗತಿಯಲ್ಲಿ ಮತ್ತೊಂದು ವರ್ಷ ಕೂರಬೇಕಂತೆ. ಬೈಯಲು ಬಾಯಿ ತೆರೆದೆ. ಯಾರನ್ನು ಬೈಯಲಿ?

ಶಾಲೆ ಮತ್ತೆ ಶುರುವಾದ ಬೆಳಿಗ್ಗೆ ಹುಡುಗಿ ಜಡೆ ಹಾಕಿಕೊಂಡು ಫೋನು ತೆರೆದಳು. ತಂಗಿ ಒಲೆ ಹಚ್ಚದೆ ಬಾಗಿಲಲ್ಲಿ ಬಂದು ನಿಂತಿದ್ದಳು. ಅಭ್ಯಾಸ, ಇನ್ನೇನು! ಫೋನು ಹುಡುಗಿಯ ಹೆಸರು ಹಿಡಿದು ಕರೆಯಿತು.

"ಅಮ್ಮ, ನನ್ನ ಹೆಸರು ಹೇಳ್ತು," ಎಂದು ಹುಡುಗಿ ಮೆಲ್ಲಗೆ ಅಂದಳು.

ತಂಗಿ ಒಳಗೆ ಹೋದಳು. ಹುಡುಗಿ ಸ್ವಲ್ಪ ಹೊತ್ತು ಬಾಗಿಲ ಕಡೆಗೇ ನೋಡಿದಳು. ಆಮೇಲೆ ಫೋನಿನ ದನಿ ಪೂರ್ತಿ ಇಳಿಸಿ ಚೀಲಕ್ಕೆ ಹಾಕಿಕೊಂಡು, ನನ್ನ ಸೂಜಿಗೆ ದಾರ ಪೋಣಿಸಿಕೊಟ್ಟು, ಶಾಲೆಗೆ ಹೊರಟಳು.