ನೀಲಿ ಇಲ್ಲದ ಹಾಡು

ಸಭಾಂಗಣದಲ್ಲಿದ್ದವರೆಲ್ಲ ಒಮ್ಮೆಗೇ ಕಿವಿ ಮುಚ್ಚಿಕೊಂಡರು, ಒಬ್ಬನನ್ನು ಬಿಟ್ಟು. ರಂಗದ ಮೇಲೆ ಹಾಡುತ್ತಿದ್ದ ನಾಯಕಿ ಅರ್ಧಕ್ಕೇ ನಿಲ್ಲಿಸಿ ಮೈಕನ್ನು ತೋಳುದ್ದ ದೂರ ಹಿಡಿದಳು. ಮುಂದಿನ ಸಾಲಿನಲ್ಲಿದ್ದ ನಿರ್ದೇಶಕನ ಕೈಯಿಂದ ಚಹಾ ಚೆಲ್ಲಿತು. ಹಲ್ಲು ಜುಮ್ಮೆನ್ನಿಸುವ ಆ ಕೂಗು ಸ್ಪೀಕರಿನಿಂದ ಹೊರಟು, ಮೈಕಿನೊಳಗೆ ಮತ್ತೆ ಹೊಕ್ಕು, ಇನ್ನಷ್ಟು ದೊಡ್ಡದಾಗಿ ಹೊರಗೆ ಬರುತ್ತಿತ್ತು. ಬಾಲ್ಕನಿಯಲ್ಲಿ ದೀಪಗಳ ಮೇಜಿನ ಮುಂದೆ ಕೂತಿದ್ದ ದೀಪದವಳೂ ಅಂಗೈಯಿಂದ ಕಿವಿ ಒತ್ತಿಕೊಂಡು ಕೆಳಗೆ ಬಗ್ಗಿ ನೋಡಿದಳು. ಸಭಾಂಗಣದ ನಡುವೆ, ಶಬ್ದದ ಮೇಜಿನ ಹಿಂದೆ, ಅವಳ ಗಂಡ ಆರಾಮಾಗಿ ಕೂತಿದ್ದ. ರಂಗದ ಹಿಂಬದಿಯ ದೀಪದ ಗೋಡೆಯನ್ನು ನೋಡುತ್ತ ಒಂದು ಗುಂಡಿಯನ್ನು ಇನ್ನೂ ಮೇಲಕ್ಕೆ ದೂಡುತ್ತಿದ್ದ.

"ಕಿವಿಯಣ್ಣಾ, ಇಳಿಸು ಮಾರಾಯ" ಎಂದು ಯಾರೋ ಕೂಗಿದರು.

ಆಗ ಅವನು ಸುತ್ತ ನೋಡಿದ. ಎಲ್ಲರ ಕೈಗಳೂ ಕಿವಿಯ ಮೇಲಿದ್ದುದನ್ನು ನೋಡಿ ಎಲ್ಲ ಗುಂಡಿಗಳನ್ನೂ ಒಟ್ಟಿಗೆ ಕೆಳಗೆಳೆದ. "ಕೇಬಲ್ ಕೈ ಕೊಡ್ತು" ಅಂದವನೇ ಮೇಜಿನ ಕೆಳಗೆ ಬಗ್ಗಿದ. ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಅಲ್ಲೇ ಇದ್ದ.

ಕಿವಿಯಣ್ಣ ಎಂಬ ಹೆಸರು ಅವನಿಗೆ ಸುಮ್ಮನೆ ಬಂದದ್ದಲ್ಲ. ಯಾವ ಮೂಲೆಯ ಸ್ಪೀಕರಿನ ಯಾವ ಸ್ಕ್ರೂ ಸಡಿಲಾಗಿದೆ ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದವನು ಅವನು. ನಾಟಕದ ಕಂಪನಿಗೆ ಹೊಸಬರು ಬಂದರೆ ಈ ಕಥೆಯನ್ನು ಅವರಿಗೆ ಹೇಳಿಯೇ ಮೊದಲ ಊಟಕ್ಕೆ ಕೂರಿಸುತ್ತಿದ್ದರು. ಹಾಗಾಗಿ ಕೇಬಲಿನ ಮಾತನ್ನು ಎಲ್ಲರೂ ನಂಬಿದರು. ನಿರ್ದೇಶಕನೂ ನಂಬಿದ, ಆದರೆ ಚಹಾ ಬಿದ್ದ ಅಂಗಿಯನ್ನು ಹಿಂಡಿಕೊಳ್ಳುತ್ತ ಹತ್ತಿರ ಬಂದು ಹೇಳಿದ:

"ಕೇಬಲ್ಲೋ ಮೈಕೋ ನನಗೆ ಗೊತ್ತಿಲ್ಲ. ಸಂಜೆ ಜನ ಬಂದಾಗ ಹೀಗಾದ್ರೆ ನಾಳೆ ಆ ಕುರ್ಚೀಲಿ ಬೇರೆಯವರು ಕೂರ್ತಾರೆ. ಹಳೇ ಸ್ನೇಹ ಅಂತ ಊರವರ ಕಿವಿ ಹರಿಯೋಕಾಗಲ್ಲ ನನಗೆ."

ಬಾಲ್ಕನಿಯಲ್ಲಿ ಅವಳು ಮಾತ್ರ ಆ ಕೇಬಲನ್ನು ನಂಬಲಿಲ್ಲ. ಅವಳ ಕಣ್ಣು ಗೋಡೆಯ ಮೇಲಿತ್ತು. ಆ ಗೋಡೆ ಅವಳದೇ ಕೆಲಸ. ಮನೆಯ ಊಟದ ಮೇಜಿನ ಮೇಲೆ ಬಲ್ಬಿನ ಪಟ್ಟಿಗಳನ್ನು ಹರಡಿಕೊಂಡು, ಬೆರಳು ಸುಟ್ಟುಕೊಂಡು, ತಿಂಗಳುಗಟ್ಟಲೆ ಎಲ್ಲರೂ ಮಡಿಲಲ್ಲಿ ತಟ್ಟೆ ಇಟ್ಟುಕೊಂಡು ತಿನ್ನುವಂತೆ ಮಾಡಿ ಕಟ್ಟಿದ್ದು. ಮೈಕಿಗೆ ಬಂದ ಸದ್ದನ್ನು ಪೆಟ್ಟಿಗೆಯೊಳಗಿನ ಒಂದು ಯಂತ್ರ ಬಿಡಿಸಿ ಹಂಚುತ್ತಿತ್ತು: ತಗ್ಗಿನ ಸದ್ದಿಗೆ ಎಡಗಡೆಯ ಕೆಂಪು ಸಾಲುಗಳು ಏಳುತ್ತಿದ್ದವು, ನಡುವಿನದಕ್ಕೆ ಹಳದಿ, ತೀರಾ ಮೇಲಿನ ಚೂಪು ಸದ್ದಿಗೆ ಬಲಗಡೆಯ ನೀಲಿ. ಸದ್ದನ್ನು ಹಾಗೆ ಬಿಡಿಸಿ ಕೇಳುವುದನ್ನು ಕಲಿಸಿದವನು ಅವನೇ. "ಇದು ಹೊಟ್ಟೆಗೆ ತಾಗೋ ಸದ್ದು, ಇದು ಎದೆಗೆ, ಇದು ಹಲ್ಲಿಗೆ" ಎಂದು ಹೊಟ್ಟೆ, ಎದೆ, ಹಲ್ಲು ಮುಟ್ಟಿ ಮುಟ್ಟಿ ತೋರಿಸಿದ್ದ. ಮದುವೆಯಾದ ಹೊಸತು, ಪಾಠ ಬೇಗ ಮುಗಿದಿರಲಿಲ್ಲ.

ಇವತ್ತು ಬೆಳಿಗ್ಗೆ ನಿರ್ದೇಶಕ, ಕೊನೆಯ ಹಾಡಿಗೆ ನೀಲಿ ಬೇಡ ಅಂದಿದ್ದ. ನಾಯಕಿ ಸಾಯುವ ಹಾಡು. ಬರೀ ಕೆಂಪು ಸಾಕು, ನೀಲಿ ಕುಣಿದರೆ ಸಾವು ಜಾತ್ರೆಯಾಗುತ್ತದೆ ಎಂದು ಅವನ ವಾದ. ಅವಳು ಒಪ್ಪಿ ನೀಲಿಯನ್ನು ಪೂರ್ತಿ ಮುಚ್ಚಿದ್ದಳು. ಗಂಡನಿಗೆ ಹೇಳಿರಲಿಲ್ಲ. ದೀಪದ ವಿಷಯ ಶಬ್ದದವನಿಗೆ ಯಾಕೆ ಹೇಳಬೇಕು? ಈಗ ಅವನ ಬೆರಳು ಗುಂಡಿಯನ್ನು ದೂಡುತ್ತ ದೂಡುತ್ತ, ಕಣ್ಣು ಬಲಗಡೆಯ ಕತ್ತಲೆಯಲ್ಲಿ ಏನನ್ನೋ ಕಾಯುತ್ತಿದ್ದದ್ದು ಅವಳಿಗೆ ನೆನಪಾಯಿತು.

ಅನುಮಾನ ಪರಿಹಾರವಾಗದೆ ಅವಳಿಗೆ ಕೂರಲಾಗಲಿಲ್ಲ. ದೀಪಗಳನ್ನು ಪರೀಕ್ಷಿಸುವ ಪೆಟ್ಟಿಗೆಯಿಂದ ಸ್ಪೀಕರಿಗೆ ಸಣ್ಣಗೆ ಒಂದು ದಪ್ಪ ಸದ್ದು ಬಿಟ್ಟಳು. ಕೆಳಗೆ ವೈರು ಸುತ್ತುತ್ತಿದ್ದ ಅವನು ತಲೆಯೆತ್ತಿದ. ನಡುವಿನ ಸದ್ದು ಬಿಟ್ಟಳು. "ಏನೇ ಅದು?" ಎಂದು ಮೇಲೆ ನೋಡಿ ಕೇಳಿದ. "ಏನಿಲ್ಲ, ನೋಡ್ತಿದೀನಿ" ಅಂದು, ಕಡೆಗೆ ಚೂಪಿನದನ್ನು ಬಿಟ್ಟಳು. ರಂಗದ ಅಂಚಿನಲ್ಲಿ ಕೂತು ಕಾಲು ನೀವಿಕೊಳ್ಳುತ್ತಿದ್ದ ನಾಯಕಿ ಮುಖ ಸಿಂಡರಿಸಿ ಕಿವಿಗೆ ಬೆರಳಿಟ್ಟುಕೊಂಡಳು. ಅವನು ವೈರು ಸುತ್ತುತ್ತಲೇ ಇದ್ದ. ಅವಳು ಇನ್ನಷ್ಟು ಹೆಚ್ಚಿಸಿದಳು. ಅವನು ಸಿಂಬಿಗೆ ಗಂಟು ಹಾಕಿ, ಧೂಳು ಕೊಡವಿ, ಸಾಮಾನಿನ ಕೋಣೆಯ ಕಡೆ ನಡೆದ.

ಅವಳು ಮೆಟ್ಟಿಲಿಳಿದು ಅವನ ಹಿಂದೆಯೇ ಹೋಗಿ ಬಾಗಿಲು ಹಾಕಿಕೊಂಡಳು.

"ಎಷ್ಟು ದಿನದಿಂದ?"

"ಏನು ಎಷ್ಟು ದಿನದಿಂದ?"

"ಕೇಬಲ್ ಕಥೆ ಅವರಿಗೆ ಹೇಳು. ಈಗ ತಾನೇ ಚೂಪು ಸದ್ದು ಬಿಟ್ಟೆ. ಹಾಡೋವಳು ಕಿವಿ ಮುಚ್ಕೊಂಡ್ಲು. ನೀನು ಗಂಟು ಹಾಕ್ತಿದ್ದೆ."

ಅವನು ಹಾಕಿದ ಗಂಟನ್ನು ಬಿಚ್ಚಿ ವೈರನ್ನು ಮತ್ತೆ ಮೊದಲಿನಿಂದ ಸುತ್ತತೊಡಗಿದ.

"ಮೊದಲು ಹಕ್ಕಿಗಳು ಹೋದ್ವು" ಅಂದ. "ಬೆಳಿಗ್ಗೆ ಕಿಟಕಿ ಹತ್ರ ಕೂಗ್ತಿದ್ವಲ್ಲ. ಮರ ಕಡಿದ್ರೇನೋ ಅಂದ್ಕೊಂಡೆ."

"ಮರ ಅಲ್ಲೇ ಇದೆ."

"ಹೌದು. ಒಂದಿನ ಎದ್ದು ನೋಡಿದೆ. ಮರಾನೂ ಇತ್ತು, ಹಕ್ಕೀನೂ ಇತ್ತು. ಬಾಯಿ ತೆಗೀತಿತ್ತು, ಮುಚ್ಚುತಿತ್ತು."

ಮನೆಯಲ್ಲಿ ಕರೆದರೆ ಓಗೊಡದಿದ್ದಾಗಲೆಲ್ಲ 'ಕೋಣನ ಮುಂದೆ ಕಿನ್ನರಿ' ಎಂದು ತಾನು ಗೊಣಗಿದ್ದು ಅವಳಿಗೆ ನೆನಪಾಗಿ ನಾಲಿಗೆ ಕಚ್ಚಿಕೊಳ್ಳುವಂತಾಯಿತು. ಆದರೆ ಅದರ ಬೆನ್ನಿಗೇ ಸಿಟ್ಟೂ ಬಂತು. ಪ್ರತಿ ನಾಟಕಕ್ಕೂ ಅವಳ ಗೋಡೆ ಇರಲೇಬೇಕು ಎಂದು ಅವನು ನಿರ್ದೇಶಕನ ಹತ್ತಿರ ಜಗಳ ಆಡುತ್ತಿದ್ದ. ಆ ಜಗಳಗಳನ್ನು ನೆನೆದುಕೊಂಡು ಅವಳು ಎಷ್ಟೋ ಸಲ ಒಳಗೊಳಗೇ ಹಿಗ್ಗಿದ್ದಳು.

"ಹಾಗಾದ್ರೆ ಗೋಡೆ ನಿನಗೆ ಕನ್ನಡಕ" ಅಂದಳು. "ನಾನು ಏನೇನೋ ಅಂದ್ಕೊಂಡಿದ್ದೆ."

"ಗೋಡೆ ಚೆನ್ನಾಗೂ ಇದೆ ಕಣೇ."

ಅವಳಿಗೆ ನಗು ಬಂತು, ಅದರ ಜೊತೆ ಅಳುವೂ ಬಂತು. ಎರಡನ್ನೂ ತಡೆದುಕೊಂಡಳು.

"ಗುಂಡಿ ಪಕ್ಕ ಒಂದು ಗುರುತು ಮಾಡ್ಕೊಂಡು ಅಲ್ಲಿಗೇ ನಿಲ್ಲಿಸು."

"ಖಾಲಿ ಸಭಾಂಗಣದ ಗುರುತು ತುಂಬಿದ ಸಭಾಂಗಣಕ್ಕೆ ಆಗಲ್ಲ. ಜನ ಸದ್ದು ನುಂಗ್ತಾರೆ. ಕಮ್ಮಿ ಇಟ್ರೆ ಅವಳ ಮಾತು ಒಂದೂ ತಿಳಿಯಲ್ಲ, ಜಾಸ್ತಿ ಇಟ್ರೆ ನೋಡಿದೆಯಲ್ಲ." ಅವನು ಅವಳ ಮುಖ ನೋಡದೆ ಕೇಳಿದ: "ನೀಲಿ ಒಂಚೂರು ಬಿಡ್ತೀಯಾ? ಆ ಹಾಡಿಗೆ ಮಾತ್ರ."

"ನಿರ್ದೇಶಕರು ಬೇಡ ಅಂದಿದಾರೆ. ಇಷ್ಟು ವರ್ಷ ಬೇರೆಯವರ ದೀಪ ಹೊತ್ತು, ಈ ನಾಟಕದ್ದೊಂದನ್ನ ನಾನೊಬ್ಬಳೇ ಮಾಡ್ತಿದೀನಿ. ಹೋಗಿ ಹೇಳಿಬಿಡು."

"ಏನಂತ? ಕಿವಿ ಇಲ್ಲದ ಕಿವಿಯಣ್ಣ ಅಂತಾನಾ? ಇದು ಬಿಟ್ರೆ ನನಗೆ ಇನ್ನೇನು ಬರುತ್ತೆ ಹೇಳು."

ಹೊರಗೆ ಯಾರೋ ಬಾಗಿಲು ತಟ್ಟಿದರು. ಅವಳು ತೆಗೆಯಲು ಹೋದಾಗ ಅವನು ಹಿಂದಿನಿಂದ, "ಬೇಡ ಬಿಡು, ನಾನು ನೋಡ್ಕೋತೀನಿ" ಅಂದ. ಹೇಗೆ ನೋಡಿಕೊಳ್ಳುತ್ತೀಯ ಎಂದು ಕೇಳಲು ಪುರುಸೊತ್ತಿರಲಿಲ್ಲ.

ಸಂಜೆ ಸಭಾಂಗಣ ತುಂಬಿತು. ಕೆಲಸಗಾರರೆಲ್ಲ ತಲೆಗೆ ಮಾತಿನ ಪಟ್ಟಿ ಸಿಕ್ಕಿಸಿಕೊಂಡರು: ಒಂದು ಕಿವಿಗೆ ಸಣ್ಣ ಸ್ಪೀಕರು, ಬಾಯಿಯ ಮುಂದೆ ಮೈಕು. ಲೈನು ಒಂದೇ. ಗುಂಡಿ ಒತ್ತಿ ಒಬ್ಬರು ಆಡಿದ್ದು ನಿರ್ದೇಶಕನಿಂದ ಹಿಡಿದು ಪರದೆ ಎಳೆಯುವವನವರೆಗೆ ಎಲ್ಲರಿಗೂ ಕೇಳುತ್ತಿತ್ತು. ಗುಟ್ಟಿಗೆ ಅಲ್ಲಿ ಜಾಗವಿರಲಿಲ್ಲ.

ಮೊದಲರ್ಧ ಸುಸೂತ್ರವಾಗಿ ಹೋಯಿತು. ಗೋಡೆಯ ಮೇಲೆ ಮೂರು ಬಣ್ಣಗಳೂ ಏಳುತ್ತ ಬೀಳುತ್ತ ಇದ್ದವು; ಅವನ ಕೈ ಅವುಗಳ ಹಿಂದೆ ಹಗುರಾಗಿ ಓಡಾಡುತ್ತಿತ್ತು. ಜನ ಗೋಡೆಯನ್ನು ನೋಡಿ ಚಪ್ಪಾಳೆ ತಟ್ಟಿದರು. ಅವಳಿಗೆ ಅದು ತಲೆಗೆ ಹತ್ತಲಿಲ್ಲ. ಕೊನೆಯ ಹಾಡು ಹತ್ತಿರವಾದಷ್ಟೂ ಅವಳ ಕಣ್ಣು ಮತ್ತೆ ಮತ್ತೆ ನೀಲಿಯ ಗುಂಡಿಗೆ ಹೋಗುತ್ತಿತ್ತು.

ಹಾಡು ಬಂತು. ಅವಳು ಹೇಳಿಸಿಕೊಂಡ ಹಾಗೆ ನೀಲಿಯನ್ನು ಸೊನ್ನೆಗಿಳಿಸಿದಳು. ಗೋಡೆಯ ಬಲಭಾಗ ಕತ್ತಲಾಯಿತು. ನಾಯಕಿ ನೆಲಕ್ಕೆ ಕುಸಿದು ಹಾಡತೊಡಗಿದಳು, ಆದರೆ ಮಾತುಗಳು ಬಾಯಿಗೆ ಬಟ್ಟೆ ತುರುಕಿದಂತೆ ಮಂಕಾಗಿದ್ದವು. ಜನ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು.

"ಮಾತು ತಿಳೀತಿಲ್ಲ" ಎಂದು ನಿರ್ದೇಶಕ ಲೈನಿನಲ್ಲಿ ಪಿಸುಗುಟ್ಟಿದ. "ಬಿಡಿಸಿ ಕೊಡು."

ಕೆಳಗೆ ಅವನ ಬೆರಳು ಗುಂಡಿಯನ್ನು ಮೇಲಕ್ಕೆ ದೂಡಿತು. ಮಾತು ತಿಳಿಯಾಯಿತು. ಇಷ್ಟು ಸಾಕು ಎಂದು ಅವಳು ಮನಸ್ಸಿನಲ್ಲೇ ಅಂದುಕೊಂಡಳು. ಬೆರಳು ನಿಲ್ಲಲಿಲ್ಲ. ನಾಯಕಿ ತೆವಳುತ್ತ ಸ್ಪೀಕರಿನ ಕಡೆಗೇ ಬರುತ್ತಿದ್ದಳು, ನಾಟಕದಲ್ಲಿ ಇದ್ದದ್ದೇ ಹಾಗೆ. ಅವಳ ದನಿಯ ಹಿಂದೆ ಚೂಪು ಸದ್ದಿನ ಒಂದು ತೆಳು ಎಳೆ ಕೇಳತೊಡಗಿತು. ಇನ್ನೂ ಯಾರೂ ಗಮನಿಸಿರಲಿಲ್ಲ. ಗುಂಡಿ ಇನ್ನೊಂದು ಕೂದಲೆಳೆ ಮೇಲೆ ಹೋದರೆ ಸ್ಪೀಕರು ಕೂಗುತ್ತದೆ.

ಬಾಲ್ಕನಿಯಲ್ಲಿ ಅವಳ ಎಡಗೈ ಮಾತಿನ ಗುಂಡಿಯ ಮೇಲಿತ್ತು, ಬಲಗೈ ನೀಲಿಯ ಮೇಲೆ. ಬಾಯಿ ಬಿಟ್ಟರೆ ಅವನ ಗುಟ್ಟು ಊರಿಗೆಲ್ಲ ತಿಳಿಯುತ್ತದೆ. ಅವಳು ನೀಲಿಯನ್ನು ಎತ್ತಿದಳು.

ಗೋಡೆಯ ಬಲ ಅಂಚಿನಲ್ಲಿ ನೀಲಿ ನೆತ್ತಿಯವರೆಗೆ ಭುಗ್ಗೆಂದು ಎದ್ದಿತು. ಕೆಳಗೆ ಅವನ ಬೆರಳು ತಟ್ಟನೆ ನಿಂತಿತು.

"ನೀಲಿ ಯಾಕೆ ಬಂತು?" ಅಂದ ನಿರ್ದೇಶಕ. "ತೆಗಿ."

ಅವಳು ತೆಗೆಯಲಿಲ್ಲ.

"ತೆಗಿ ಅಂದೆ. ಏನಾಗಿದೆ ನಿನಗೆ? ಕೈಲಾಗದಿದ್ರೆ ಎದ್ದು ಹೋಗು."

ಲೈನಿನಲ್ಲಿ ಗರಗರ ಸದ್ದಾಯಿತು. ಆಮೇಲೆ ಗಂಡನ ದನಿ ಕೇಳಿತು, ಮನೆಯಲ್ಲಿ ಉಪ್ಪು ಕೇಳುವಷ್ಟು ಸಮಾಧಾನವಾಗಿ.

"ನೀಲಿ ತೆಗಿ. ನನಗೆ ಮೇಲಿನ ಸದ್ದು ಕೇಳಲ್ಲ. ಬಹಳ ದಿನ ಆಯ್ತು. ನೀನು ಹೇಳು, ನಾನು ಕೈ ಆಡಿಸ್ತೀನಿ."

ಪರದೆಯವನು ಮರೆಯಿಂದ ಇಣುಕಿ ಶಬ್ದದ ಮೇಜಿನ ಕಡೆ ನೋಡಿದ. ಅವಳು ನೀಲಿಯನ್ನು ಇಳಿಸಿದಳು. ಮಾತಿನ ಗುಂಡಿ ಒತ್ತಿ, ಮತ್ತೆ ಬಿಟ್ಟಳು.

"ಹೇಳಮ್ಮ" ಅಂದ ನಿರ್ದೇಶಕ, ಬೇರೆಯದೇ ದನಿಯಲ್ಲಿ.

"ಇಳಿಸು" ಅಂದಳು. "ಇನ್ನೊಂಚೂರು. ಸಾಕು."

ತೆಳು ಎಳೆ ಕಡಿದುಹೋಯಿತು.

"ಅವಳು ಸ್ಪೀಕರ್ ಹತ್ರ ಬರ್ತಿದಾಳೆ, ಇನ್ನೂ ಸ್ವಲ್ಪ ಇಳಿಸು. ಹಾಂ. ಈಗ ತಿರುಗಿದ್ಲು. ಮೆಲ್ಲಗೆ ಹತ್ತಿಸು. ಮಾತು ಬಂತು. ಅಲ್ಲೇ ಇರಲಿ."

ಅವನ ಬೆರಳು ಅವಳ ಮಾತಿನ ಜೊತೆಯಲ್ಲೇ ಸರಿಯಿತು, ಒಂದು ಚೂರು ಹಿಂದೆ ಬೀಳಲಿಲ್ಲ. ಅವನು ಈಗ ಗೋಡೆಯನ್ನು ನೋಡುತ್ತಿರಲಿಲ್ಲ. ತಲೆ ತಗ್ಗಿಸಿ ಕಣ್ಣು ಮುಚ್ಚಿಕೊಂಡಿದ್ದ. ಸಭಾಂಗಣದಲ್ಲಿ ಒಬ್ಬರೂ ಕೆಮ್ಮುತ್ತಿರಲಿಲ್ಲ. ಮುಂದಿನ ಸಾಲಿನಲ್ಲಿ ಯಾರೋ ಮೂಗು ಒರೆಸಿಕೊಂಡರು.

ಹಾಡಿನ ಕೊನೆಯಲ್ಲಿ ಸ್ವರ ಇರಲಿಲ್ಲ, ಉಸಿರು ಮಾತ್ರ. ನಾಯಕಿ ಅದನ್ನು ಮೈಕಿಗೆ ತೀರಾ ಹತ್ತಿರ ಬಿಡುತ್ತಿದ್ದಳು. ಅದು ಸಭಾಂಗಣದ ಕಟ್ಟಕಡೆಯ ಸಾಲಿಗೂ ತಲುಪುತ್ತಿತ್ತು. ಗೋಡೆಯ ಕೆಂಪು ಒಂದೊಂದೇ ಸಾಲಾಗಿ ಆರಿ, ಪೂರ್ತಿ ಕತ್ತಲಾಯಿತು.

"ಇದೆಯಾ?" ಎಂದು ಅವನು ಕೇಳಿದ.

"ಇದೆ."

ಅವನು ಬೆರಳನ್ನು ಅಲುಗಿಸದೆ ಹಿಡಿದಿದ್ದ.

"ಈಗ?"

"ಇನ್ನೂ ಇದೆ. ಸಣ್ಣಗೆ."

ಅವಳು ಕೇಳುತ್ತ ಕಾದಳು. ಉಸಿರು ಎಳೆಯಾಗಿ, ಎಳೆಯೂ ಸವೆದು, ನಿಂತಿತು. ಜನ ಇನ್ನೂ ಚಪ್ಪಾಳೆಗೆ ಕೈ ಎತ್ತಿರಲಿಲ್ಲ. ಕೆಳಗೆ ಕತ್ತಲಲ್ಲಿ ಅವನು ಹಾಗೇ ತಲೆ ತಗ್ಗಿಸಿ ಕೂತಿದ್ದ, ಗುಂಡಿಯ ಮೇಲೆ ಬೆರಳಿಟ್ಟುಕೊಂಡು.

"ಮುಗೀತು" ಅಂದಳು.

ಅವನು ಬೆರಳು ತೆಗೆದ.