ವಕೀಲರು ಸೇರಿಸಲು ಹೇಳಿದ ಸುಳ್ಳು

ಲೈಬ್ರರಿಯಲ್ಲಿ ಮಾರಿಟ್ ಬರೆದ ಕಾದಂಬರಿಯ ಓದು ಮುಗಿದು ಜನ ಕಾಫಿಯ ಕಡೆ ಸರಿದರೂ ಆರ್ವಿಡ್ ಮಾತ್ರ ಕೊನೆಯ ಸಾಲಿನಿಂದ ಏಳಲಿಲ್ಲ. ಮಡಿಲಲ್ಲಿ ಪುಸ್ತಕ ಇಟ್ಟುಕೊಂಡು ಮಾರಿಟ್‌ಳನ್ನೇ ನೋಡುತ್ತಿದ್ದ. ಅವಳಿಗೆ ಭಯವಾಯಿತು. ಓದಿದ್ದಾನೆ, ಇದು ತನ್ನದೇ ಕಥೆ ಎಂದು ಗೊತ್ತಾಗಿದೆ, ಇನ್ನು ಕೋರ್ಟಿಗೆ ಎಳೆಯದೆ ಬಿಡುವುದಿಲ್ಲ.

ಮಾರಿಟ್ ಮೂರನೇ ಕ್ಲಾಸಿನಲ್ಲಿದ್ದಾಗ ಅವಳಪ್ಪ ಹಾಲ್ವರ್ ಮತ್ತು ಅವನ ಗೆಳೆಯ ಆರ್ವಿಡ್, ಹೆಪ್ಪುಗಟ್ಟಿದ ಕೆರೆಯ ಮೇಲಿದ್ದ ಮೀನು ಹಿಡಿಯುವ ಗುಡಿಸಲನ್ನು ದಡಕ್ಕೆ ಎಳೆದು ತರಲು ಹೋಗಿದ್ದರು. ಮಂಜುಗಡ್ಡೆ ಒಡೆಯಿತು. ಹಿಂದಿರುಗಿದವನು ಆರ್ವಿಡ್ ಒಬ್ಬನೇ. ಅಂದಿನಿಂದ ಮಾರಿಟ್ ಮತ್ತು ಅವಳ ಅಮ್ಮನ ಮನೆ ಮುಂದಿನ ಹಿಮ ತೆಗೆಯುವವನು ಅವನೇ, ಮೀನು ಶುಚಿಮಾಡಿ ತಂದುಕೊಡುವವನೂ ಅವನೇ. ಊರಿನ ಬಾಯಲ್ಲಿ ದೇವರಂಥ ಮನುಷ್ಯ.

ಕಾದಂಬರಿಯಲ್ಲಿ ಮಾರಿಟ್ ಕೆರೆಯ ಹೆಸರು ಬದಲಿಸಿದಳು, ಎತ್ತರದ ಆರ್ವಿಡ್‌ನನ್ನು ಕುಳ್ಳನನ್ನಾಗಿ ಮಾಡಿ ತಲೆ ಬೋಳಾಗಿಸಿದಳು. ಊರಿನವರಿಗೇನು ಕಣ್ಣಿಲ್ಲವೇ! ಮಾನನಷ್ಟದ ಕೇಸಿಗೆ ಹೆದರಿದ ಪ್ರಕಾಶಕರ ವಕೀಲರಿಗೂ ಇದು ಸಾಲಲಿಲ್ಲ.

"ಆ ಪಾತ್ರಕ್ಕೆ ಒಂದು ನಾಚಿಕೆಗೇಡಿನ ಕೆಲಸ ಅಂಟಿಸಿಬಿಡಿ. 'ಅದು ನಾನೇ' ಅಂತ ಯಾವನೂ ಕೋರ್ಟಲ್ಲಿ ನಿಂತು ಹೇಳಲ್ಲ. ನಮ್ಮ ಕಸುಬಿನ ಹಳೇ ಉಪಾಯ ಇದು," ಎಂದಿದ್ದರು ಫೋನಿನಲ್ಲಿ.

ಒಂದು ಬೆಳಿಗ್ಗೆ ಕುಳಿತು ಅವಳು ಅಂಟಿಸಿಯೇಬಿಟ್ಟಳು: ಗೆಳೆಯ ನೀರಲ್ಲಿ ಕೈ ಬಡಿಯುತ್ತಿದ್ದರೂ ಕುಳ್ಳ ಹಗ್ಗ ಹಿಡಿದು ನಿಂತೇ ಇದ್ದ, ಎಸೆಯಲಿಲ್ಲ. ಬರೆದಾಗ ಅವಳಿಗೆ ಪಾಪ ಅನ್ನಿಸಿತ್ತು. ಆದರೂ ಅಳಿಸಲಿಲ್ಲ.

ಈಗ ಆರ್ವಿಡ್ ಎದ್ದು ಹತ್ತಿರ ಬಂದ.

"ಹಗ್ಗದ ವಿಷಯ ನಿಂಗೆ ಯಾರು ಹೇಳಿದ್ರು?"

"ಅಯ್ಯೋ ಅಂಕಲ್, ಅದು ಬರೀ ಕಟ್ಟುಕತೆ. ವಕೀಲರು ಸೇರಿಸು ಅಂದ್ರು, ಅಷ್ಟೇ. ದಯವಿಟ್ಟು ಬೇಜಾರು ಮಾಡ್ಕೋಬೇಡಿ."

"ನಾವಿಬ್ರೇ ಇದ್ದದ್ದು ಅಲ್ಲಿ. ದಡದಿಂದ ಯಾರಾದ್ರೂ ನೋಡಿದ್ರಾ? ನಿಜ ಹೇಳು."

ಹಾಗಾದರೆ ಹಗ್ಗದ ಮಾತು ನಿಜ! ಮಾರಿಟ್‌ಳ ಕೋರ್ಟಿನ ಭಯವೆಲ್ಲ ಎಲ್ಲೋ ಹೋಯಿತು, ಅದಕ್ಕಿಂತ ದೊಡ್ಡದೊಂದು ಬಂದು ಕುಳಿತಿತು.

"ಯಾರೂ ನೋಡಿಲ್ಲ," ಎಂದಳು. "ಯಾಕೆ ಎಸೀಲಿಲ್ಲ ನೀವು?"

ಆರ್ವಿಡ್‌ನ ಕಣ್ಣು ಕಾಫಿಯ ಮೇಜಿನ ಬಳಿ ನಗುತ್ತಾ ನಿಂತಿದ್ದ ಅವಳ ಅಮ್ಮನ ಕಡೆ ಹೋಯಿತು, ಅಲ್ಲೇ ನಿಂತಿತು.

ಅಮ್ಮ ಕೋಟು ಹಾಕಿಕೊಳ್ಳುತ್ತಾ ಬಂದಳು. "ಏನೋ ಗುಸುಗುಸು ನಡೀತಿದೆ! ಆರ್ವಿಡ್, ಆ ಹಗ್ಗದ ಸುಳ್ಳನ್ನ ಮನಸ್ಸಿಗೆ ಹಚ್ಕೋಬೇಡ ಮಾರಾಯ. ಇವಳಿಗೆ ಚಿಕ್ಕಂದಿನಿಂದಲೂ ಇದೇ ಚಾಳಿ, ಬಾಯಿ ಬಿಟ್ರೆ ಕತೆ. ಬಾ, ಊಟಕ್ಕೆ ಮನೆಗೇ ಬಂದ್ಬಿಡು."

"ಬರ್ತೀನಿ. ಮೆಟ್ಟಿಲು ಜಾರುತ್ತೆ, ಹುಷಾರು," ಎಂದ ಆರ್ವಿಡ್. ಎಷ್ಟೋ ಚಳಿಗಾಲಗಳಿಂದ ಮಾಡುತ್ತಾ ಬಂದಂತೆ ತೋಳು ಮುಂದೆ ಚಾಚಿದ, ಅಮ್ಮ ನೋಡದೆಯೇ ಅದನ್ನು ಹಿಡಿದುಕೊಂಡಳು. ಇಬ್ಬರೂ ಬಾಗಿಲು ದಾಟಿ ಹಿಮ ಗಟ್ಟಿಯಾಗಿದ್ದ ಮೆಟ್ಟಿಲಿಗೆ ಕಾಲಿಟ್ಟರು.

"ಅಮ್ಮಾ!" ಮಾರಿಟ್ ಚೀರಿದಳು. ಕಾಫಿ ಕುಡಿಯುತ್ತಿದ್ದವರೆಲ್ಲ ತಿರುಗಿ ನೋಡಿದರು. "ಅಮ್ಮಾ, ಅವರ ಕೈ ಬಿಡು!"

"ಏನೇ ಬಂತು ನಿಂಗೆ? ಬಿದ್ದು ಸೊಂಟ ಮುರ್ಕೊಳ್ಳಲಾ?" ಅಮ್ಮ ಹಿಡಿತ ಇನ್ನಷ್ಟು ಬಿಗಿಮಾಡಿದಳು.

ಆರ್ವಿಡ್ ಅವಳ ಬೆರಳುಗಳನ್ನು ಒಂದೊಂದಾಗಿ ತನ್ನ ತೋಳಿನಿಂದ ಬಿಡಿಸಿ, ಆ ಕೈಯನ್ನು ಪಕ್ಕದ ಕಂಬಿಯ ಮೇಲಿಟ್ಟು, ಒಬ್ಬನೇ ಮೆಟ್ಟಿಲಿಳಿದು ಹೋದ.